ಹೂವಕ್ಕನ ಆಕಳು ಹೊಳೆ ದಾಟಿದ ಕಥೆ

ದೀಪದ ಬತ್ತಿ ಸರಿಮಾಡಿ, ಹಟ್ಟಿಗೌರಮ್ಮನನ್ನು ಮನಸ್ಸಿನಲ್ಲಿ ನೆನೆದು, ಗದ್ದಲವಿಲ್ಲದೆ ಕೇಳಿರಿ, ತಾಯಂದಿರೇ.

ಹೊಳೆಯ ದಂಡೆಯ ಒಂದೂರಿನಲ್ಲಿ ಬರಮಪ್ಪನೆಂಬ ರೈತನೂ ಅವನ ಹೆಂಡತಿ ಹೂವಕ್ಕನೂ ಇದ್ದರು. ತುಂಡು ಹೊಲ, ಹಟ್ಟಿಯಲ್ಲಿ ಕೆಂದಿ ಎಂಬ ಒಂದೇ ಆಕಳು, ಅದರ ಕರು, ಇಷ್ಟೇ ಅವರ ಬದುಕು. ಹೂವಕ್ಕನಿಗೆ ತನ್ನ ಭಕ್ತಿಯ ಮೇಲೆ ತುಸು ಹೆಮ್ಮೆ. ಅವಳು ಪೂಜೆ ಮಾಡಿದರೆ ಕೇರಿಗೆಲ್ಲ ಕೇಳಬೇಕು. ಗೌರಮ್ಮ ಹಟ್ಟಿಯಲ್ಲಿ ನೆಲೆಸಿದವಳು, ದನ ಬೆದರಿದರೆ ತಾನೇ ಬೆದರಿದಂತೆ ನೋಯುವವಳು ಎಂಬುದನ್ನು ಮಾತ್ರ ಮರೆತಿದ್ದಳು.

ಆ ವರ್ಷ ಹೊಳೆ ತುಂಬಿ, ಅವರ ಬಸುರಿ ಮಗಳು ತವರಿಗೆ ಬರಲಾಗದೆ ಆಚೆ ದಂಡೆಯ ಗಂಡನ ಮನೆಯಲ್ಲೇ ಹೆತ್ತಳು. ಬಾಣಂತಿ ಸೊರಗಿದ್ದಾಳೆ, ಮನೆಯಲ್ಲಿ ಹಾಲು ಕರೆಯುವ ದನವಿಲ್ಲ ಎಂದು ಅಂಬಿಗ ಸುದ್ದಿ ತಂದನು. ಸೆಳವು ಇಳಿದೊಡನೆ ಕೆಂದಿಯನ್ನೇ ಮಗಳಿಗೆ ಒಪ್ಪಿಸುವುದೆಂದು ಗಂಡಹೆಂಡಿರು ನಿಶ್ಚಯಿಸಿದರು.

ತವರಿನ ಆಕಳು ಸುಮ್ಮನೆ ಹೋಗಬಹುದೇ? ಹೂವಕ್ಕ ಕೋಡಿಗೆ ಬಣ್ಣ ಬಳಿದು, ಕಾಲಿಗೆ ಗೆಜ್ಜೆ ಕಟ್ಟಿ, ಡೊಳ್ಳಿನವರನ್ನು ಕರೆಸಿ, ಕೇರಿಯನ್ನೆಲ್ಲ ಹೊರಡಿಸಿ, ದೋಣಿಯ ಮುಂದೆ ಆರತಿಯನ್ನು ಆಕಳ ಕಣ್ಣಿಗೇ ಹಿಡಿದಳು. ಕರು ಹಿಂದೆ ಜನರ ನಡುವೆ ಉಳಿಯಿತು. ಕೆಂದಿ ದೋಣಿಯ ಹಲಗೆಗೆ ಕಾಲಿಡದೆ ನಿಂತಿತು. ಬರಮಪ್ಪ ಬಾಲ ತಿರುಚಿದನು, ಹೂವಕ್ಕ ಬೈದಳು, ಹಿಂದಿನವರು ಹೋ ಎಂದರು. ಆಕಳು ಬೆದರಿ, ಹಗ್ಗ ಹರಿದು, ಬರಮಪ್ಪನನ್ನು ಕೆಸರಿಗೆ ಕೆಡವಿ, ಆರತಿ ತಟ್ಟೆ ತುಳಿದು ಊರ ಕಡೆ ಓಡಿತು. ಆ ಸಂಜೆ ಕೆಚ್ಚಲಿಗೆ ಹಾಲಿಳಿಸದೆ ಏರಿಸಿಕೊಂಡು, ಕರುವಿಗೂ ಬಿಡಲಿಲ್ಲ. ಆಚೆ ದಂಡೆಯಲ್ಲಿ ಮಗಳು ದಾರಿ ನೋಡಿ ನೋಡಿ ಬರಿಯ ಗಂಜಿ ಕುಡಿದಳು.

ಹೂವಕ್ಕನಿಗೆ ತುತ್ತು ಇಳಿಯಲಿಲ್ಲ. ಹಟ್ಟಿಯ ಬಾಗಿಲಲ್ಲಿ ಕುಳಿತು ಅಳುತ್ತಿರಲು, ಗೌರಮ್ಮ ಕರುಣೆಗೊಂಡು, ಸೆಗಣಿ ಬುಟ್ಟಿ ಹೊತ್ತ ಮುದುಕಿಯಾಗಿ ಬಂದು, "ಯಾಕವ್ವ, ಯಾಕ ಅಳಾಕತ್ತಿ?" ಎಂದು ಕೇಳಿದಳು.

"ಇಷ್ಟು ಪೂಜಿ ಮಾಡಿದ್ನಿ ಯವ್ವಾ, ಆದ್ರೂ ನಮ್ಮ ಕೆಂದಿ ದೋಣಿ ಹತ್ತವಲ್ಲಳು," ಎಂದಳು ಹೂವಕ್ಕ.

"ಪೂಜಿ ನಿನಗ ಬೇಕಾಗಿತ್ತು. ಆಕಿಗೆ ಏನ್ ಬೇಕಂತ ನೋಡಿದೇನು?" ಎಂದು ಹೇಳಿ, ಮುದುಕಿ, ಗದ್ದಲವಿಲ್ಲದೆ ದನದ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವ ಮೆಲ್ಲಡಿ ವ್ರತದ ವಿಧಿಯನ್ನು ತಿಳಿಸಿ ಮರೆಯಾದಳು.

ಮರುದಿನ ಹೂವಕ್ಕ ಮಿಂದು, ಆಕಳ ಗೆಜ್ಜೆ ಬಿಚ್ಚಿ, ತನ್ನ ಬಾಯಿಗೆ ಬೀಗ ಹಾಕಿಕೊಂಡಳು. ಅವಳಿಗದು ಉಪವಾಸಕ್ಕಿಂತ ಕಷ್ಟವಾಯಿತು. ಹಲಗೆ ಅಲುಗದಂತೆ ಕೆಳಗೆ ಕಲ್ಲು ಕೊಟ್ಟು, ಮೇಲೆ ತಮ್ಮ ಹಟ್ಟಿಯ ಹುಲ್ಲನ್ನೇ ಹಾಸಿದರು. ಬರಮಪ್ಪ ಕೋಲನ್ನು ಮನೆಯಲ್ಲೇ ಬಿಟ್ಟು ಬಂದು, ಕರುವನ್ನೆತ್ತಿಕೊಂಡು ಮೊದಲು ಹತ್ತಿದನು. ಹೂವಕ್ಕ ಹಿಂದೆ ನಿಲ್ಲದೆ, ಆಕಳಿಗೆ ಕಾಣುವಂತೆ ಅದರ ಹೆಗಲ ಪಕ್ಕದಲ್ಲೇ ನಡೆದು, ಅದು ನಿಂತಲ್ಲಿ ತಾನೂ ನಿಂತಳು. ಕೆಂದಿ ಹಲಗೆಯನ್ನು ಮೂಸಿತು, ನೀರನ್ನು ನೋಡಿತು, ಹಿಂದೆ ಸರಿಯಿತು. ಹೂವಕ್ಕನ ನಾಲಗೆಯ ತುದಿಗೆ ಬೈಗುಳ ಬಂತು. ಆಚೆ ಮಗಳು ಕಾಯುತ್ತಿದ್ದಳು. ಆದರೂ ಬೈಗುಳ ನುಂಗಿಕೊಂಡು, ಆಕಳ ಕೊರಳ ಕೆಳಗೆ ಜೋಲುವ ಗಂಗೆದೊಗಲು ಸವರುತ್ತ ನಿಂತಳು. ಅಂಬಿಗನೂ ಹುಟ್ಟು ಮುಟ್ಟದೆ ಕಾದನು. ದೋಣಿಯಿಂದ ಕರು ಅಂಬಾ ಎಂದಿತು. ಕೆಂದಿ ಒಂದು ಕಾಲಿಟ್ಟು, ಇನ್ನೊಂದಿಟ್ಟು, ತಾನಾಗಿಯೇ ಹತ್ತಿ, ಕರುವನ್ನು ನೆಕ್ಕಿ, ಮೆಲುಕು ಹಾಕತೊಡಗಿತು.

ಅಂದೇ ಸಂಜೆ ಆಚೆ ದಂಡೆಯಲ್ಲಿ ತಂಬಿಗೆ ತುಂಬ ಹಾಲಾಯಿತು. ಹೂವಕ್ಕ ಮಗಳಿಗೆ ಕುಡಿಸಿ, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕಣ್ತುಂಬ ನೋಡಿದಳು. ಮಗಳು ಮೈತುಂಬಿಕೊಂಡಳು, ಕಾಲಕ್ರಮದಲ್ಲಿ ಎರಡೂ ದಂಡೆಯ ಹಟ್ಟಿಗಳು ತುಂಬಿದವು.

ಆದುದರಿಂದ ದನವನ್ನು ದೋಣಿಗಾಗಲಿ ಬಂಡಿಗಾಗಲಿ ಹತ್ತಿಸುವ ದಿನ ಈ ಕಥೆಯನ್ನು ಓದಿದವರ, ಕೇಳಿದವರ, ಕೇಳಿ ಮತ್ತೊಬ್ಬರಿಗೆ ಹೇಳಿದವರ ಮನೆಯಲ್ಲಿ ಹಾಲು ಬತ್ತದು, ಹೆಣ್ಣುಮಕ್ಕಳು ಸೊರಗರು. ಹೂವಕ್ಕನಿಗೆ ಒಲಿದ ಗೌರಮ್ಮ ಅವರಿಗೂ ಒಲಿಯುವಳು. ಇನ್ನು ಮೆಲ್ಲಗೆ ಏಳಿರಿ, ಜಯಕಾರ ಬೇಡ. ಹಟ್ಟಿಯಲ್ಲಿ ದನ ಮಲಗಿವೆ.