ಕೊನೆಯ ಮನೆಯ ಸೊನ್ನೆ

ಹೊಳೆಯ ದಂಡೆಯಲ್ಲಿ ಕೊಟ್ರಯ್ಯ ಎಂಬ ಗುರು ಇದ್ದರು. ಕಲಿಸುತ್ತಿದ್ದುದು ವೇದವನ್ನಲ್ಲ, ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು. ನಂಬದಿದ್ದರೆ ಬಿಡಿ. ಅಂಥ ಗುರು ನಮ್ಮ ಸೀಮೆಯಲ್ಲಲ್ಲದೆ ಇನ್ನೆಲ್ಲೂ ಹುಟ್ಟುವುದಿಲ್ಲ.

ಅವರ ಶಿಷ್ಯ ಮಾಳಿಂಗ. ಹತ್ತು ಜನರ ಕೆಲಸ ಒಬ್ಬನೇ ಮಾಡುತ್ತಿದ್ದ. ಇಪ್ಪತ್ತು ಜನರ ಮಾತು ಒಬ್ಬನೇ ಆಡುತ್ತಿದ್ದ.

ಹೊಳೆ ದಾಟುವ ಕಡವಿನಲ್ಲಿ ದೀಪದ ಅಕ್ಷರಗಳ ಫಲಕವೊಂದಿತ್ತು. ಅದರ ಪ್ರೋಗ್ರಾಮ್ ಮಾಳಿಂಗನದು. ಹೊಳೆ ಶಾಂತವಾಗಿದ್ದರೆ ‘ನೀರು ತಗ್ಗಿದೆ. ದಾಟಬಹುದು’ ಎಂದು ತೋರಿಸಬೇಕು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದರೆ ‘ನೀರು ಉಕ್ಕಿದೆ’ ಎಂದಷ್ಟೇ.

ಹರಿಗೋಲು ನಡೆಸುವ ಹುಲಿಗೆವ್ವನಿಗೆ ಓದು ಬಾರದು. ‘ದಾಟಬಹುದು’ ಎಂಬ ಕೊನೆಯ ಪದದ ಆಕಾರವೊಂದನ್ನೇ ಗುರುತು ಹಿಡಿಯುತ್ತಿದ್ದಳು. ಅದು ಕಂಡರೆ ಹಗ್ಗ ಬಿಚ್ಚುವಳು. ಕಾಣದಿದ್ದರೆ ಇಲ್ಲ.

ಗುರುಗಳು ಮೊದಲೇ ಹೇಳಿದ್ದರು. “ಯಂತ್ರದೊಳಗೆ ಅಕ್ಷರಗಳು ಸಾಲುಮನೆಗಳಲ್ಲಿ ಕೂರುತ್ತವೆ. ಪಾಯಿಂಟರ್ ಅಂದರೆ ಮೊದಲ ಮನೆಯ ಕಡೆ ತೋರಿಸುವ ಬೆರಳು. ಎಲ್ಲಿಂದ ಓದಬೇಕು ಅಂತ ಹೇಳುತ್ತದೆ, ಎಲ್ಲಿಯವರೆಗೆ ಅಂತ ಹೇಳುವುದಿಲ್ಲ. ಮಾತು ಮುಗಿದ ಮುಂದಿನ ಮನೆಯಲ್ಲಿ ಸೊನ್ನೆ ಇಡು. ಯಂತ್ರ ಅಲ್ಲಿ ನಿಲ್ಲುತ್ತದೆ.”

“ಆ ಸೊನ್ನೆ ಫಲಕದ ಮೇಲೆ ಕಾಣುತ್ತದೆಯೇ?”

“ಇಲ್ಲ.”

“ಕಾಣದ್ದಕ್ಕೆ ಯಾಕೆ ಮನೆ? ಮೂರು ಸಲ ಓಡಿಸಿ ನೋಡಿದ್ದೇನೆ ಗುರುಗಳೇ. ಒಂದಕ್ಷರ ಆಚೀಚೆ ಆಗಿಲ್ಲ.”

ಮೂರು ಸಲವೂ ಮುಂದಿನ ಮನೆಗಳು ಖಾಲಿ ಇದ್ದವು. ಅದು ಅವನ ಜಾಣತನವಲ್ಲ, ಅದೃಷ್ಟ.

ಒಂದು ಬೆಳಿಗ್ಗೆ ಮಾಳಿಂಗ ಗುರುಗಳ ಮನೆಯ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಫಲಕ ಮಿನುಗಿ ಬದಲಾಯಿತು.

‘ನೀರು ಉಕ್ಕಿದೆ. ದಾಟಬಹುದು’

ಹೊಸ ಮಾತು ಹಳೆಯ ಮಾತಿನ ಮನೆಗಳಲ್ಲೇ ಕೂತಿತ್ತು. ಮುಂದಿನ ಮನೆಗಳಲ್ಲಿ ಹಳೆಯ ಬಾಲ ಹಾಗೇ ಉಳಿದಿತ್ತು. ನಿಲ್ಲಿಸುವ ಸೊನ್ನೆ ಇರಲಿಲ್ಲ, ಯಂತ್ರ ಓದುತ್ತಲೇ ಹೋಗಿತ್ತು.

ಅವನ ಬಾಯಿಯ ನೊರೆ ಎದೆಯ ಮೇಲೆ ಇಳಿಯಿತು.

ಕೆಳಗೆ ಕಡವಿನಲ್ಲಿ ಎಂಟು ಜನ ಹೆಂಗಸರು ಮೆಣಸಿನಕಾಯಿ ಬಿಡಿಸಲು ಆಚೆ ದಡಕ್ಕೆ ಹೊರಟಿದ್ದರು.

“ಉಕ್ಕಿದೆ ಅಂತಾನೂ ಐತಲ್ಲ ಯವ್ವಾ,” ಅಂದಳು ಓದು ಬಲ್ಲ ಒಬ್ಬಳು.

“ಕೊನೀಗೆ ಏನೈತಿ?” ಅಂದಳು ಹುಲಿಗೆವ್ವ.

“ದಾಟಬಹುದು.”

“ಮತ್ತೇನು? ಹತ್ರಿ. ಬಿಸಿಲೇರಿದ ಮ್ಯಾಲೆ ನಿಮ್ಮ ಗೊಣಗಾಟ ಕೇಳೋರು ಯಾರು?”

ಹಗ್ಗ ಬಿಚ್ಚಿತು.

ಮಾಳಿಂಗ ಕೂಗಿದ. ಹೊಳೆಯ ಸದ್ದಿನಲ್ಲಿ ಕೂಗು ಅರ್ಧಕ್ಕೂ ಹೋಗಲಿಲ್ಲ. ಒಳಗೆ ಓಡಿ ಕಂಪ್ಯೂಟರ್ ಮುಂದೆ ಕೂತ. ಬೆರಳುಗಳು ಒಂದು ಕೀ ಒತ್ತಲು ಹೋಗಿ ಮೂರು ಒತ್ತಿದವು.

“ಎರಡೇ ನಿಮಿಷ ಗುರುಗಳೇ. ಸರಿ ಮಾಡ್ತೀನಿ. ಎರಡೇ ನಿಮಿಷ.”

ಗುರುಗಳು ಎದ್ದರು. ಗೋಡೆಯ ಬಳಿ ಹೋಗಿ ಫಲಕದ ವೈರನ್ನು ಕಿತ್ತುಹಾಕಿದರು.

ಹರಿಗೋಲು ಆಗಲೇ ನಡುಹೊಳೆಯ ಹತ್ತಿರವಿತ್ತು. ದಡದ ಕಡೆ ಮುಖ ಮಾಡಿ ಕೂತವಳು ಹುಲಿಗೆವ್ವನ ಮೊಣಕೈ ಹಿಡಿದಳು. “ಯವ್ವಾ, ಅಕ್ಷರ ಆರಿದವು.”

ಹುಲಿಗೆವ್ವ ತಿರುಗಿ ನೋಡಿದಳು. ತನಗೆ ಗೊತ್ತಿದ್ದ ಪದ ಅಲ್ಲಿರಲಿಲ್ಲ. ಹುಟ್ಟು ತಿರುಗಿಸಿದಳು.

ಮೇಲಿನಿಂದ ಸದ್ದು ಬಂತು. ಲಾರಿಗಳ ಸಾಲು ಬಂದ ಹಾಗೆ. ಆಮೇಲೆ ಕೆಂಪು ನೀರು ಕಾಣಿಸಿತು.

ಹರಿಗೋಲು ದಡ ಮುಟ್ಟುವಷ್ಟರಲ್ಲಿ ಮಾಳಿಂಗ ಓಡಿ ಬಂದಿದ್ದ. ಇಳಿಯುವವರಲ್ಲಿ ಕೊನೆಯವಳನ್ನು ಕೈ ಹಿಡಿದು ಎಳೆದ. ಅವಳ ಕಾಲು ದಡಕ್ಕೆ ಬಂತು, ಹರಿಗೋಲು ಹೋಯಿತು. ಬುಟ್ಟಿಗಳ ಸಮೇತ ಗಿರಗಿರನೆ ತಿರುಗುತ್ತ ಬಂಡೆಗಳ ನಡುವೆ ಕಾಣದಾಯಿತು. ಅದನ್ನೇ ನೋಡುತ್ತ ಒಂಬತ್ತು ಜನ ನೆಲದ ಮೇಲೆ ಕೂತರು. ಯಾರೂ ಅಳಲಿಲ್ಲ. ಮಾಳಿಂಗನಿಗೆ ಅದರಿಂದಲೇ ಹೆಚ್ಚು ಭಯವಾಯಿತು.

ಮೂರು ದಿನಕ್ಕೆ ಹೊಳೆ ಇಳಿಯಿತು. ಮಾಳಿಂಗನ ನಾಲಿಗೆಯೂ ಮರಳಿ ಬಂತು.

“ಒಂದು ಸೊನ್ನೆ ಬಿಟ್ಟಿದ್ದೆ, ಅಷ್ಟೇ. ಹಾಕಿದ್ದೇನೆ. ವೈರ್ ಸಿಕ್ಕಿಸಲೇ?”

ಗುರುಗಳು ಅವನನ್ನು ನೀರಿನ ಅಂಚಿಗೆ ಕರೆದೊಯ್ದರು. ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ಹುಲಿಗೆವ್ವನ ಕೈಗೆ ಕೊಟ್ಟರು.

“ಕಣ್ಣು ಮುಚ್ಚು. ಹೊಳೆಯೊಳಗೆ ನಡಿ.”

“ಎಲ್ಲಿಯವರೆಗೆ?”

ಉತ್ತರ ಬರಲಿಲ್ಲ. ಮಾಳಿಂಗ ನಡೆದ. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು.

“ಗುರುಗಳೇ, ಸಾಕೇ?”

ನೀರು ಎದೆಗೆ ಬಂತು. ಕಾಲ ಕೆಳಗಿನ ಮರಳು ಜಾರಿತು. ಇನ್ನೊಂದು ಹೆಜ್ಜೆ ಇಟ್ಟ, ಅಲ್ಲಿ ನೆಲವೇ ಇರಲಿಲ್ಲ.

ಹಗ್ಗ ಬಿಗಿಯಿತು. ಹುಲಿಗೆವ್ವ ಯಾರ ಮಾತಿಗೂ ಕಾಯದೆ ಎಳೆದಳು. “ಹುಡುಗ ಸಾಯ್ತಾನ್ರೀ ಅಯ್ನೋರ,” ಅಂದಳು.

ಮಾಳಿಂಗ ಮರಳಿನ ಮೇಲೆ ಬಿದ್ದು ನೀರು ಕಾರಿಕೊಂಡ. ಹಲ್ಲುಗಳು ಕಟಕಟ ಅನ್ನುತ್ತಿದ್ದವು.

“ನೀವು ನಿಲ್ಲು ಅನ್ನಲೇ ಇಲ್ಲ,” ಅಂದ.

ಗುರುಗಳು ಅವನ ಸೊಂಟದ ಗಂಟು ಬಿಚ್ಚಿದರು.

“ನಿನ್ನ ಫಲಕವೂ ಈಕೆಗೆ ಅನ್ನಲಿಲ್ಲ.”