ಒಂದೇ ಸಲ ಕರೆದವನು

"ಮೇಷ್ಟ್ರೇ, ಒಂದು ಕ್ಲಿಕ್ ಸಾಕೇ, ಎರಡು ಬೇಕೇ?"

ಕೇಳಿದವಳು ನಾಗವೇಣಿ. ಹಾಲಪ್ಪ ಮೇಷ್ಟ್ರ ಬಳಿ ಕಂಪ್ಯೂಟರ್ ಪರದೆಗಳ ವಿನ್ಯಾಸ ಕಲಿಯುತ್ತಿದ್ದವರಲ್ಲಿ ಅವಳೇ ಚುರುಕು. ಪ್ರಶ್ನೆ ಕೇಳುವಾಗಲೇ ಉತ್ತರ ಅವಳ ಹತ್ತಿರ ಸಿದ್ಧವಾಗಿತ್ತು. ಮೇಷ್ಟ್ರು ಒಂದು ಸಲ ಹೌದು ಅಂದುಬಿಟ್ಟರೆ ಆಯಿತು ಎಂದು ಕಾಯುತ್ತಿದ್ದಳು.

ಅವಳು ಹಿಡಿದಿದ್ದ ಕೆಲಸ ಇದು. ಹೆಂಗಸರ ಸಹಾಯ ಕೇಂದ್ರವೊಂದರ ಹೊರಕೋಣೆಯಲ್ಲಿ ಕಂಪ್ಯೂಟರ್ ಇಡುತ್ತಾರೆ. ಮನೆಯಲ್ಲಿ ಹೊಡೆತ ತಿಂದವಳೋ, ಯಾರ ಮುಂದೆಯೂ ಹೇಳಲಾಗದ ಕಷ್ಟ ಹೊತ್ತವಳೋ ಬಂದು ಅದರ ಮುಂದೆ ಕೂರುತ್ತಾಳೆ. ಪರದೆಯ ಮೇಲೆ ಒಂದು ಬಾಗಿಲಿನ ಚಿತ್ರ ಇರುತ್ತದೆ. ಅದರ ಮೇಲೆ ಮೌಸ್ ತಂದು ಕ್ಲಿಕ್ ಮಾಡಿದರೆ ಒಳಗೆ ಗಂಟೆ ಬಡಿಯುತ್ತದೆ, ಒಳಗಿರುವ ಮೇಡಂ ಎದ್ದು ಬರುತ್ತಾರೆ. ಬಂದವಳು ಬಾಯಿ ಬಿಟ್ಟು ಯಾರನ್ನೂ ಕರೆಯಬೇಕಾಗಿಲ್ಲ.

"ಮೊದಲು ಒಂದೇ ಕ್ಲಿಕ್ ಇಟ್ಟಿದ್ದೆ," ಎಂದಳು ನಾಗವೇಣಿ. "ಪರೀಕ್ಷೆ ಮಾಡಿ ನೋಡಿದರೆ ಮೇಡಂಗೆ ಸಾಕುಸಾಕಾಗಿ ಹೋಯಿತು. ಮಕ್ಕಳು ಒತ್ತುತ್ತವೆ. ವಿಳಾಸ ಕೇಳಲು ಬಂದವರ ಕೈ ತಾಗುತ್ತದೆ. ಅವರು ಎದ್ದು ಬಂದು ನೋಡಿದರೆ ಯಾರಿಗೂ ಏನೂ ಬೇಡ. ಅದಕ್ಕೇ ಈಗ ಎರಡು ಕ್ಲಿಕ್ ಮಾಡಿದ್ದೇನೆ. ಒಂದು ಸಲ ಒತ್ತಿದರೆ ಚಿತ್ರದ ಸುತ್ತ ನೀಲಿ ಗೆರೆ ಮೂಡುತ್ತದೆ, ಅಷ್ಟೇ. ಕೂಡಲೇ ಇನ್ನೊಂದು ಸಲ ಒತ್ತಿದರೆ ಮಾತ್ರ ಗಂಟೆ. ನಿಜವಾಗಿ ಬೇಕಾದವರು ಎರಡು ಸಲ ಒತ್ತಿಯೇ ಒತ್ತುತ್ತಾರೆ. ಒಂದೇ ಸಲ ಒತ್ತಿ, ಸ್ವಲ್ಪ ಹೊತ್ತು ಕೂತು, ಎದ್ದು ಹೋದವರೂ ಕೆಲವರಿದ್ದರು. ಅವರನ್ನೆಲ್ಲ ಕೈತಪ್ಪಿ ಒತ್ತಿದವರ ಜೊತೆ ಸೇರಿಸಿದ್ದೇನೆ. ಈಗ ಮೇಡಂ ಖುಷಿಯಾಗಿದ್ದಾರೆ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಜಾಣೆ ನೀನು," ಎಂದರು. "ಕೂತುಕೋ, ಒಂದು ಊರಿನ ಕತೆ ಹೇಳುತ್ತೇನೆ. ಅವರೂ ಜಾಣರೇ. ಕಂಪ್ಯೂಟರ್ ಹುಟ್ಟುವ ಮೊದಲೇ ಎರಡು ಕ್ಲಿಕ್ ಕಂಡುಹಿಡಿದಿದ್ದರು."

ಅದೊಂದು ನೇಕಾರರ ಊರು. ಆ ಊರಿನಲ್ಲಿ ಹೊರಗಿನಿಂದ ಯಾರಾದರೂ ಒಂದೇ ಸಲ ಕರೆದರೆ ಒಳಗಿದ್ದವರು ಓಗೊಡುತ್ತಿರಲಿಲ್ಲ. ದೆವ್ವ ಒಂದೇ ಸಲ ಕರೆಯುತ್ತದೆ, ಅದೂ ನಮಗೆ ತೀರಾ ಬೇಕಾದವರ ದನಿಯಲ್ಲೇ ಕರೆಯುತ್ತದೆ, ಮನುಷ್ಯರಾದರೆ ಇನ್ನೊಂದು ಸಲ ಕರೆಯುತ್ತಾರೆ ಎಂಬುದು ಅಲ್ಲಿಯವರ ನಂಬಿಕೆ. ಓಗೊಟ್ಟು ಹೊರಗೆ ಹೋಗಿ ಜ್ವರ ಹಿಡಿದು ಮಲಗಿದ ಒಬ್ಬ ಸೋದರಮಾವ ಪ್ರತಿ ಮನೆಯ ಕತೆಯಲ್ಲೂ ಇದ್ದ. ಹಾಗಾಗಿ ಹಾಲಿನವಳು ಎರಡು ಸಲ ಕೂಗುತ್ತಿದ್ದಳು. ಹೂವಿನವಳೂ ಹಾಗೆಯೇ. ಮದುವೆಗೆ ಕರೆಯಲು ಬಂದ ನೆಂಟರೂ ಜಗುಲಿಯ ಕೆಳಗೆ ನಿಂತು ಎರಡು ಸಲ ಕರೆದ ಮೇಲೆಯೇ ಮೆಟ್ಟಿಲು ಹತ್ತುತ್ತಿದ್ದರು. ನಗಬೇಡ ನಾಗವೇಣಿ. ಇದರಿಂದ ಊರಿಗೆ ಅನುಕೂಲವೂ ಇತ್ತು. ಪಕ್ಕದ ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದರೆ ಇವರು ಕೆಲಸ ಬಿಟ್ಟು ಏಳಬೇಕಾಗಿರಲಿಲ್ಲ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಮತ್ತೆಮತ್ತೆ ಎದ್ದು ಬರುವುದೆಂದರೆ ಸುಮ್ಮನೆ ಆಯಿತೇ?

ಆ ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೊಬ್ಬ ತಮ್ಮ. ತಂದೆ ತಾಯಿ ಬೇಗ ಹೋಗಿದ್ದರು, ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವನು ಇವನೇ. ಲಾಳಿ ಹಿಡಿಯಲು ಕಲಿಸಿದವನೂ ಇವನೇ. ಕೆಲಸ ಚೊಕ್ಕ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಮ್ಮೆ ಒಂದು ಮದುವೆ ಸೀರೆಯನ್ನು ತಮ್ಮನ ಕೈಗೆ ಕೊಟ್ಟ. ಹುಡುಗ ದಿನಗಟ್ಟಲೆ ಕೂತು ನೇಯ್ದ. ಗಿರಾಕಿ ಬಂದು ನೋಡಿದರೆ ಅಂಚಿನ ಬಣ್ಣ ಬೇರೆ. ಅಣ್ಣ ಒಂದು ಮಾತೂ ಕೇಳಲಿಲ್ಲ. ಕತ್ತರಿ ತೆಗೆದುಕೊಂಡು ಗಿರಾಕಿಯ ಎದುರಿಗೇ ಸೀರೆಯನ್ನು ಮಗ್ಗದ ಮೇಲೆ ಕೊಯ್ದು ಹಾಕಿದ. ಈ ಮಗ್ಗ ಮುಟ್ಟಬೇಡ, ಈ ಬಾಗಿಲಿಗೆ ಬರಬೇಡ ಎಂದ. ತಮ್ಮ ಕೈಯೊರೆಸಿಕೊಂಡು ಎದ್ದ, ಹೊರಟೇಹೋದ.

ಸಿಟ್ಟು ಇಳಿದ ಮೇಲೆ ನೇಕಾರನಿಗೆ ನೆನಪಾಯಿತು. ಅಂಚಿನ ನೂಲನ್ನು ಗಂಟಿನಿಂದ ತೆಗೆದುಕೊಟ್ಟವನು ತಾನೇ. ತಪ್ಪು ತಮ್ಮನದಲ್ಲ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದ. ತಮ್ಮ ಒಂದು ಪೇಟೆಯಲ್ಲಿ ಪವರ್‌ಲೂಮಿನ ಕೆಲಸಕ್ಕೆ ಸೇರಿದ್ದಾನೆ ಎಂದು ಸುದ್ದಿ ಬಂತು. ವರ್ಷಗಳು ಕಳೆದವು. ತಮ್ಮ ಕೂರುತ್ತಿದ್ದ ಮಗ್ಗವನ್ನು ಅವನು ಬಿಚ್ಚಲೂ ಇಲ್ಲ, ಬೇರೆಯವರಿಗೆ ಕೊಡಲೂ ಇಲ್ಲ.

ಹೆಂಡತಿಗೆ ಇದೆಲ್ಲ ಕಾಣದೇ ಇರುತ್ತದೆಯೇ? ಒಂದು ದಿನ ಅವಳೇ ಬಾಯಿ ತೆಗೆದಳು.

"ಹೋಗಿ ಕರೆದುಕೊಂಡು ಬನ್ನಿ. ಹೀಗೆ ಒಳಗೊಳಗೇ ಬೇಯುವುದಕ್ಕಿಂತ ಅದು ವಾಸಿ."

"ದೊಡ್ಡವನು ನಾನು, ನಾನೇ ಹೋಗಿ ನಿಲ್ಲಲೇ? ಅವನು ಬಂದು ಒಂದೇ ಒಂದು ಸಲ ಅಣ್ಣಾ ಅನ್ನಲಿ, ಸಾಕು. ಕೈಹಿಡಿದು ಒಳಗೆ ಕರೆದುಕೊಳ್ಳುತ್ತೇನೆ."

ಅವಳು ಎದ್ದು ಒಲೆಯ ಕಡೆ ಹೋದಳು.

ಅದಾಗಿ ಕೆಲವು ತಿಂಗಳಿಗೆ, ಮಟಮಟ ಮಧ್ಯಾಹ್ನ. ಹೆಂಡತಿ ನೂಲು ತರಲು ಹೋಗಿದ್ದಳು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆ ಊರಿನವರ ಪ್ರಕಾರ ದೆವ್ವಗಳು ಓಡಾಡುವ ಹೊತ್ತು ಅದು. ನೇಕಾರ ಒಬ್ಬನೇ ಮಗ್ಗದಲ್ಲಿ ಕೂತಿದ್ದ. ಹೊರಗಿನಿಂದ ದನಿ ಬಂತು.

"ಅಣ್ಣಾ."

ತಮ್ಮನ ದನಿ. ಕೊನೆಯನ್ನು ಚೂರು ಎಳೆದು ಕರೆಯುವ ಅಭ್ಯಾಸ ಅವನಿಗೆ ಚಿಕ್ಕಂದಿನಿಂದಲೂ ಇತ್ತು. ನೇಕಾರನ ಕೈ ನಿಂತಿತು. ಮಗ್ಗ ನಿಂತಿತು. ಏಳಲೆಂದು ಅಂಗೈಯನ್ನು ನೆಲಕ್ಕೆ ಊರಿದ. ಅಷ್ಟರಲ್ಲಿ ಆ ನಂಬಿಕೆ ನೆನಪಾಯಿತು. ಬೇಕಾದವರ ದನಿಯಲ್ಲೇ ಕರೆಯುತ್ತದೆ. ಈ ದನಿಗಿಂತ ತನಗೆ ಬೇಕಾದದ್ದು ಬೇರೆ ಯಾವುದಿದೆ? ಹಾಗಾದರೆ ಇದು ಅದೇ ಇರಬೇಕು. ಅಂಗೈ ಊರಿಕೊಂಡೇ ಕೂತ. ಇನ್ನೊಂದು ಸಲ ಕರೆಯೋ, ಇನ್ನೊಂದೇ ಒಂದು ಸಲ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಹೊರಗೆ ಏನೂ ಸದ್ದಿಲ್ಲ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ದೇವರ ಹೆಸರು ಹೇಳಿಕೊಂಡು ಮತ್ತೆ ಲಾಳಿ ಎಸೆದ.

ಸಂಜೆ ಹೂವಿನವಳು ಬಂದು ಎರಡು ಸಲ ಕೂಗಿದಳು. ಅವನು ಹೊರಗೆ ಬಂದ. ಮೊಳ ಹಾಕುತ್ತಾ ಅವಳು ಕೇಳಿದಳು.

"ಮಧ್ಯಾಹ್ನ ನಿಮ್ಮ ತಮ್ಮ ಬಂದಿದ್ದನಲ್ಲ, ಯಾಕೆ ಹಾಗೇ ಹೋದ? ಕೆರೆ ಹತ್ತಿರ ಸಿಕ್ಕಿದ್ದ. ‘ಕರೆದೆ ಅಕ್ಕಾ, ಅಣ್ಣನಿಗೆ ಕೇಳಿಸಿತು, ಮಗ್ಗ ನಿಲ್ಲಿಸಿದ, ಆದರೂ ಓಗೊಡಲಿಲ್ಲ’ ಅಂದ. ಅವನ ಕಣ್ಣು ನೋಡಲಾಗಲಿಲ್ಲಪ್ಪ."

"ಯಾವ ಕಡೆ ಹೋದ?"

ಅದನ್ನು ಅವಳು ನೋಡಿರಲಿಲ್ಲ.

ನೇಕಾರ ಉಟ್ಟ ಬಟ್ಟೆಯಲ್ಲೇ ಹೊರಟ. ಕೆರೆ ದಂಡೆ ನೋಡಿದ, ಬಸ್ ನಿಲ್ದಾಣ ನೋಡಿದ, ಸಿಕ್ಕಿದ ಬಸ್ ಹತ್ತಿ ತಮ್ಮ ಕೆಲಸಕ್ಕಿದ್ದ ಪೇಟೆಗೂ ಹೋದ. ಅಲ್ಲಿ ತಮ್ಮನಿದ್ದ ಕೋಣೆಗೆ ಬೇರೆಯವರು ಬಂದಾಗಿತ್ತು. ಮನೆಯ ಯಜಮಾನ ಹೇಳಿದ, ಅಣ್ಣನ ಮನೆಗೆ ಹೋಗುತ್ತೇನೆ, ಇನ್ನು ಅಲ್ಲೇ ಇರುತ್ತೇನೆ ಎಂದು ಎಲ್ಲರಿಗೂ ಹೇಳಿ ಹೋದನಲ್ಲ, ಬರಲಿಲ್ಲವೇ? ನೇಕಾರ ಆ ಮನೆಯ ಮೆಟ್ಟಿಲ ಮೇಲೆಯೇ ಕೂತು ಅತ್ತ. ಗೊತ್ತಿದ್ದ ಊರುಗಳನ್ನೆಲ್ಲ ಹುಡುಕಿದ, ಗೊತ್ತಿಲ್ಲದ ಊರುಗಳಲ್ಲೂ ಕೇಳಿದ. ತಮ್ಮ ಮತ್ತೆ ಸಿಗಲಿಲ್ಲ.

ಅಂದಿನಿಂದ ಆ ಊರಿನಲ್ಲಿ ಮೊದಲನೆಯ ಕರೆಗೇ ಓಗೊಡುವವನು ಅವನೊಬ್ಬನೇ. ಗಾಳಿಗೆ ಬಾಗಿಲು ಅಲ್ಲಾಡಿದರೂ "ಓ, ಬಂದೆ" ಎನ್ನುತ್ತಿದ್ದ. ಬೀದಿ ಮಕ್ಕಳು ಗೋಡೆಯ ಮರೆಯಲ್ಲಿ ನಿಂತು ಅಣ್ಣಾ ಎಂದು ಕೂಗಿ ಓಡುತ್ತಿದ್ದವು. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು, ಮೊಣಕಾಲು ಹಿಡಿದುಕೊಂಡು ಗುಂಡಿಯಿಂದ ಎದ್ದು, ಬೀದಿಯ ಎರಡೂ ಕಡೆ ನೋಡಿ ಒಳಗೆ ಹೋಗುತ್ತಿದ್ದ. ಮಕ್ಕಳಿಗೆ ಬೈಯುತ್ತಿರಲಿಲ್ಲ. ಕೆಲಸ ಹಿಂದೆ ಬಿತ್ತು, ಊರು ನಕ್ಕಿತು. ಹೆಂಡತಿ ಮಾತ್ರ ನಗಲಿಲ್ಲ. ಅವನು ಎದ್ದು ಹೋದಾಗಲೆಲ್ಲ ಅವಳೂ ಬಾಗಿಲ ಕಡೆ ನೋಡುತ್ತಿದ್ದಳು.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ನಾಗವೇಣಿಗೆ ಕತೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಎನ್ನುವುದಕ್ಕಿಂತ, ಎಲ್ಲೋ ಚುಚ್ಚಿತು. ಅದನ್ನು ಕಿತ್ತುಹಾಕಲು ವಾದಕ್ಕೆ ನಿಂತಳು.

"ಆ ತಮ್ಮನೂ ಅದೇ ಊರಿನವನಲ್ಲವೇ ಮೇಷ್ಟ್ರೇ? ಎರಡು ಸಲ ಕರೆಯಬೇಕೆಂದು ಅವನಿಗೂ ಗೊತ್ತಿತ್ತು. ಇನ್ನೊಂದು ಸಲ ಕರೆದಿದ್ದರೆ ಏನಾಗುತ್ತಿತ್ತು?"

"ಗೊತ್ತಿತ್ತು," ಎಂದರು ಮೇಷ್ಟ್ರು. "ಆದರೆ ಆ ಬಾಗಿಲವರೆಗೆ ಬರುವುದರಲ್ಲೇ ಅವನ ಧೈರ್ಯವೆಲ್ಲ ತೀರಿಹೋಗಿತ್ತು. ಉಳಿದಿದ್ದದ್ದು ಒಂದು ಕರೆಗೆ ಆಗುವಷ್ಟು. ಕರೆದ, ಮಗ್ಗ ನಿಂತಿತು. ಕೇಳಿಸಿತು ಎಂದು ಗೊತ್ತಾಯಿತು. ಬಾಗಿಲು ತೆರೆಯಲಿಲ್ಲ. ಆಮೇಲೆ ಯಾವ ಬಾಯಲ್ಲಿ ಕರೆಯುತ್ತಾನೆ?"

ನಾಗವೇಣಿ ಪರದೆಯ ಕಡೆ ತಿರುಗಿದಳು. ಬಾಗಿಲಿನ ಚಿತ್ರದ ಮೇಲೆ ಒಂದು ಸಲ ಒತ್ತಿದಳು. ಸುತ್ತ ನೀಲಿ ಗೆರೆ ಮೂಡಿತು. ಬಾಗಿಲು ಹಾಗೆಯೇ ಇತ್ತು. ಅವಳು ಅದನ್ನೇ ನೋಡುತ್ತಾ ಕೂತಳು. ಇಷ್ಟು ದಿನ ಆ ಗೆರೆ ಅವಳ ಕಣ್ಣಿಗೆ ಅಂದವಾಗಿಯೇ ಕಂಡಿತ್ತು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೆಲ್ಲಗೆ ಕೇಳಿದರು.

"ಒಂದೇ ಸಲ ಒತ್ತಿ, ಸ್ವಲ್ಪ ಹೊತ್ತು ಕೂತು, ಎದ್ದು ಹೋದರು ಅಂದೆಯಲ್ಲ ತಾಯಿ, ಅವರು ಯಾವ ಕಡೆ ಹೋದರು?"