ಜರಡಿಯ ಕೆಳಗಿನ ಬಿಳಿ ಬಟ್ಟೆ

“ಅಮ್ಮಾ, ನಾನು ನಡೆಸುವ ವಿದ್ಯಾರ್ಥಿನಿಲಯದಲ್ಲಿ ಎಂಬತ್ತು ಹೆಣ್ಣುಮಕ್ಕಳಿದ್ದಾರೆ. ಆರು ವರ್ಷಗಳಿಂದ ಒಂದು ದೂರೂ ಬಂದಿಲ್ಲ. ಊಟದ ಹೊತ್ತಿನಲ್ಲಿ ಲೋಟ ಇಟ್ಟ ಸದ್ದು ಕೂಡ ಕೇಳಿಸುವಷ್ಟು ಶಾಂತಿಯಿದೆ. ನೀವು ತೆರೆಯಲಿರುವ ಹೊಸ ನಿಲಯವನ್ನೂ ನನಗೇ ವಹಿಸಬಾರದೇಕೆ?” ಎಂದು ಶಿಷ್ಯೆ ಕೇಳಿದಳು.

ಗುರುಮಾತೆ ಒಂದು ಕತೆ ಹೇಳಿದರು.

ಒಬ್ಬ ರೈತನು ತಂದೆಯಿಂದ ಬಂದ ಹೊಲದಲ್ಲಿ ಸಾಲು ಹಿಡಿದು ತೇಗ ಬೆಳೆಸಿದ್ದನು. ಉದುರಿದ ಎಲೆಯನ್ನು ಅಂದಂದೇ ಗುಡಿಸಿ ಸುಡುತ್ತಿದ್ದನು. ಹುಳು ಕಂಡಲ್ಲಿ ವಿಷದ ಪುಡಿ ಚೆಲ್ಲುತ್ತಿದ್ದನು. ಮರಗಳು ನೆಟ್ಟಗೆ ನಿಂತಿದ್ದವು. ನೋಡಿದವರೆಲ್ಲ ಹೊಗಳಿದರು.

ಪಕ್ಕದಲ್ಲಿ ಒಬ್ಬ ಮುದುಕಿಯ ತೋಪಿತ್ತು. ಅಲ್ಲಿ ಹೊಂಗೆ, ನೇರಳೆ, ಬೇವು ಬೆರೆತು ಬೆಳೆದಿದ್ದವು. ಎಲೆ ಬಿದ್ದಲ್ಲೇ ಕೊಳೆಯುತ್ತಿತ್ತು. ಮುದುಕಿಗೆ ಮಂಡಿ ಸೋತಿತ್ತು. ತೋಪನ್ನು ಯಾರ ಕೈಗೆ ಒಪ್ಪಿಸುವುದೆಂದು ಅವಳು ಯೋಚಿಸುತ್ತಿದ್ದಳು.

“ನನಗೆ ಕೊಡು, ಅವ್ವ,” ಎಂದನು ರೈತನು. “ನಿನ್ನ ತೋಪಿನಲ್ಲಿ ಕಸದ ನಡುವೆ ಮರ ಹುಡುಕಬೇಕು. ನನ್ನಲ್ಲಿ ಬರಿಗಾಲಲ್ಲಿ ನಡೆದು ನೋಡು. ಒಂದು ಇರುವೆ ಕಚ್ಚಿದರೆ ನನ್ನನ್ನು ಕೇಳು.”

ಮುದುಕಿ ನಡೆದು ನೋಡಿದಳು. ಒಂದೂ ಕಚ್ಚಲಿಲ್ಲ.

ಅವಳು ಎರಡು ಜರಡಿ ತರಿಸಿದಳು. ಒಂದರಲ್ಲಿ ತನ್ನ ಮರದ ಬುಡದ ಮಣ್ಣು, ಇನ್ನೊಂದರಲ್ಲಿ ಅವನ ಮರದ ಬುಡದ ಮಣ್ಣು ಹರಡಿ, ಕೆಳಗೆ ಒದ್ದೆಯ ಬಿಳಿ ಬಟ್ಟೆ ಹಾಸಿ, ಬಿಸಿಲಿಗಿಟ್ಟಳು. ಮಣ್ಣಿನ ಜೀವಿಗಳು ಬಿಸಿಲಿಗೆ ಅಂಜಿ ತಂಪಿನ ಕಡೆಗೆ ಇಳಿಯುತ್ತವೆ.

ಸಂಜೆ ಜರಡಿಗಳನ್ನು ಎತ್ತಿದಳು. ಅವಳ ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಜೀವಗಳು ಹರಿದಾಡುತ್ತಿದ್ದವು, ಕೆಲವು ಜಿಗಿಯುತ್ತಿದ್ದವು. ಅವನ ಬಟ್ಟೆಯ ಮೇಲೆ ಧೂಳು ಮಾತ್ರ ಇತ್ತು.

ರೈತನು ನಕ್ಕನು. “ಈ ಹುಳುಗಳೇನು ಮರವನ್ನು ಹೊತ್ತು ನಿಂತಿವೆಯೇ?”

“ಉದುರಿದ್ದನ್ನು ಮಣ್ಣು ಮಾಡುವುದು ಇವೇ, ಮಗಾ. ನಿನ್ನ ಮರಗಳು ನಿನ್ನ ಅಪ್ಪನ ಕಾಲದ ಮಣ್ಣನ್ನು ಉಣ್ಣುತ್ತಿವೆ. ಅದು ತೀರಿದ ಮೇಲೆ ಗುಡಿಸುವುದಕ್ಕೆ ನಿನಗೆ ಎಲೆಯೂ ಇರುವುದಿಲ್ಲ.”

ಮುದುಕಿ ತನ್ನ ಬಟ್ಟೆಯನ್ನು ನೇರಳೆಯ ಬುಡದಲ್ಲಿ ಮೆಲ್ಲಗೆ ಕೊಡವಿದಳು. ತೋಪನ್ನು ಅವನಿಗೆ ಕೊಡಲಿಲ್ಲ.

ಕತೆ ಮುಗಿಯಿತು. ಶಿಷ್ಯೆಯ ಮುಖ ಕೆಂಪಾಯಿತು.

“ನಾನು ವಿಷ ಚೆಲ್ಲಿಲ್ಲ, ಅಮ್ಮಾ. ನನ್ನಲ್ಲಿರುವುದು ಶಿಸ್ತು.”

“ಇರಬಹುದು,” ಎಂದರು ಗುರುಮಾತೆ. “ನಿನಗೆ ಎದುರು ಮಾತಾಡಿದ ಒಬ್ಬ ಹುಡುಗಿಯ ಹೆಸರು ಹೇಳು.”

ಶಿಷ್ಯೆ ಒಂದೊಂದೇ ಹೆಸರನ್ನು ನೆನೆಯುತ್ತ ಹೋದಳು. ಎಂಬತ್ತು ಹೆಸರುಗಳಲ್ಲಿ ಎದುರು ಮಾತಾಡಿದವಳ ಹೆಸರು ಒಂದೂ ಇರಲಿಲ್ಲ.